ಜೀವಕೋಶದ ತೂಬುಗಳು



ಕೆರೆಯನ್ನು ನೋಡಲು ಹೋದವರ ಕಣ್ಣು ಮೊದಲು ಹರಿಯುವುದು ನೀರಿನ ಕಡೆಗೆ. ಆಮೇಲೆ ಏರಿಯ ಕಡೆಗೆ, ಏರಿಯ ಮೇಲಿನ ಮರಗಳ ಕಡೆಗೆ. ತೂಬನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಕೆರೆಯ ಕೆಳಗಿನ ಗದ್ದೆಗಳ ಬದುಕೆಲ್ಲ ನಿಂತಿರುವುದು ಆ ತೂಬಿನ ಮೇಲೆಯೇ. ಅದು ಮುಚ್ಚಿಯೇ ಇದ್ದರೆ ಪೈರು ಒಣಗುತ್ತದೆ. ತೆರೆದೇ ಇದ್ದರೆ ಕೆರೆ ಬರಿದಾಗುತ್ತದೆ. ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚುವುದರಲ್ಲಿಯೇ ಅದರ ಹೆಚ್ಚುಗಾರಿಕೆ. ಅದಕ್ಕೆಂದೇ ನಮ್ಮ ಹಿರಿಯರು ನೀರುಗಂಟಿ ಎಂಬವನನ್ನು ನೇಮಿಸಿ, ಅವನಿಗೆ ಬೆಳೆಯಲ್ಲಿ ಪಾಲನ್ನೂ ಗೊತ್ತುಮಾಡಿದ್ದರು.

ನಮ್ಮ ದೇಹದ ಜೀವಕೋಶಗಳ ಪೊರೆಯಲ್ಲಿಯೂ ಇಂತಹ ತೂಬುಗಳಿವೆ. ಅವು ಪ್ರೋಟೀನಿನಿಂದಾದವು, ಕಣ್ಣಿಗಾಗಲಿ ಸಾಧಾರಣ ಸೂಕ್ಷ್ಮದರ್ಶಕಕ್ಕಾಗಲಿ ಕಾಣುವಂಥವಲ್ಲ. ಅವುಗಳಲ್ಲಿ ಪೊಟ್ಯಾಸಿಯಮ್ಮನ್ನು ಮಾತ್ರ ಹಾಯಗೊಡುವ ಒಂದು ದೊಡ್ಡ ಕುಟುಂಬವಿದೆ. ಇಂದಿನ ಭಾಷಣದ ವಿಷಯ ಅದೇ. ಇಂಗ್ಲಿಷಿನಲ್ಲಿ ಇವನ್ನು ಚಾನೆಲ್ ಎನ್ನುತ್ತಾರೆ. ಕಾಲುವೆ ಎಂದೋ ನಾಲೆ ಎಂದೋ ಅದನ್ನು ಕನ್ನಡಿಸಬಹುದು. ಆದರೆ ಕಾಲುವೆಗೆ ಬಾಗಿಲಿಲ್ಲ, ತೂಬಿಗೆ ಉಂಟು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ತೂಬು ಎಂಬ ಮಾತೇ ಇಲ್ಲಿ ಸಲ್ಲುತ್ತದೆಂದು ತೋರುತ್ತದೆ.

ಕನ್ನಡದ ಮೇಷ್ಟರಿಗೆ ಈ ವಿಷಯದಲ್ಲೇನು ಕೆಲಸ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ, ರಕ್ತದೊತ್ತಡಕ್ಕೆಂದು ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಸೇವಿಸುತ್ತಿದ್ದ ಕಾಲದಲ್ಲಿ, ಒಂದು ಬೆಳಗ್ಗೆ ಕಾಲುಗಳು ಸೋತು, ನಾಲ್ಕು ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಸಿಯಂ ಎಂಬ ಹೆಸರಿನ ಮುಂದೆ 2.7 ಎಂದಿತ್ತು. ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ವರೆಗೆ ಇರಬೇಕೆಂದು ವೈದ್ಯರು ತಿಳಿಸಿದರು. ಒಂದಂಶ ಚಿಲ್ಲರೆಯ ಕೊರತೆ ಒಬ್ಬ ಮನುಷ್ಯನನ್ನು ಮೆಟ್ಟಿಲ ಮೇಲೆ ಕೂರಿಸಬಲ್ಲುದೆ ಎಂಬ ಬೆರಗು ಅಂದು ಹುಟ್ಟಿತು. ಆ ಬೆರಗಿನ ಹಿಂದೆ ಹೋದಾಗ ತಿಳಿದುಬಂದ ಸಂಗತಿಗಳನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಪೊಟ್ಯಾಸಿಯಂ ಎಂಬ ಹೆಸರು ಬೂದಿಯಿಂದ ಬಂದದ್ದು. ಮರದ ಬೂದಿಯನ್ನು ನೀರಿನಲ್ಲಿ ಕದಡಿ, ಆ ನೀರನ್ನು ಮಡಕೆಯಲ್ಲಿ ಬತ್ತಿಸಿದಾಗ ಉಳಿಯುವ ಕ್ಷಾರಕ್ಕೆ ಇಂಗ್ಲಿಷಿನವರು ಪಾಟ್ಯಾಷ್, ಎಂದರೆ ಮಡಕೆಯ ಬೂದಿ, ಎಂದು ಕರೆದರು. 1807ರಲ್ಲಿ ಹಂಫ್ರಿ ಡೇವಿ ಅದರೊಳಕ್ಕೆ ವಿದ್ಯುತ್ತನ್ನು ಹಾಯಿಸಿ ಒಂದು ಹೊಸ ಲೋಹವನ್ನು ಬೇರ್ಪಡಿಸಿದನು. ನಮ್ಮ ಮನೆಗಳಲ್ಲಿ ಒಲೆಯ ಬೂದಿಯನ್ನು ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಸುರಿಯುತ್ತಿದ್ದರಲ್ಲವೆ? ಗಿಡ ಬೇಡುತ್ತಿದ್ದುದು ಈ ಪೊಟ್ಯಾಸಿಯಮ್ಮನ್ನೇ. ಅದೇ ಬಾಳೆಯ ಹಣ್ಣಿನಿಂದಲೂ ಎಳನೀರಿನಿಂದಲೂ ಅದು ನಮಗೆ ಮರಳಿ ಬರುತ್ತದೆ.

ಸುಮಾರು 70 ಕಿಲೋ ತೂಗುವ ಮನುಷ್ಯನ ಮೈಯಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 98 ಭಾಗ ಇರುವುದು ಜೀವಕೋಶಗಳ ಒಳಗೆ. ಒಳಗಡೆ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ದ್ರವದಲ್ಲಿ ಸುಮಾರು 4. ಎಂದರೆ ಒಳಗೂ ಹೊರಗೂ ಮೂವತ್ತೈದು ಪಟ್ಟು ಅಂತರ. ನಮ್ಮ ಅಡುಗೆಯುಪ್ಪಿನ ಸೋಡಿಯಮ್ಮಿನ ಸ್ಥಿತಿ ಇದಕ್ಕೆ ವಿರುದ್ಧ. ಅದು ಹೊರಗೆ ಹೆಚ್ಚು, ಒಳಗೆ ಕಡಿಮೆ.

ಈ ಅಂತರ ತಾನಾಗಿ ಉಂಟಾದುದಲ್ಲ, ಎತ್ತಿ ತುಂಬಿಸಿದ್ದು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ಕಾಲಿನ ನರಗಳನ್ನು ಪರೀಕ್ಷಿಸುತ್ತಿದ್ದಾಗ, ಪೊರೆಯಲ್ಲಿ ಕುಳಿತು ಬಿಡುವಿಲ್ಲದೆ ದುಡಿಯುವ ಒಂದು ಪ್ರೋಟೀನಿನ ಸುಳಿವು ದೊರೆಯಿತು. ಅದು ಒಂದೊಂದು ಸರದಿಯಲ್ಲಿ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಾವು ನಿದ್ರಿಸುವಾಗಲೂ ಅದು ದುಡಿಯುತ್ತಲೇ ಇರುತ್ತದೆ. ತೂಬಿನ ಮಾತನ್ನೇ ಮುಂದುವರಿಸಿದರೆ, ಇದು ಏತ. ಏತ ನೀರನ್ನು ಮೇಲಕ್ಕೆತ್ತಿ ಕೆರೆಯನ್ನು ತುಂಬಿಸುತ್ತದೆ. ತೂಬು ಆ ನೀರನ್ನು ಕೆಲಸಕ್ಕೆ ಹಚ್ಚುತ್ತದೆ. ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಏರಿಯ ಮಾತು. ಜೀವಕೋಶದ ಪೊರೆಯು ಕೊಬ್ಬಿನ ಜಾತಿಯ ಕಣಗಳ ಎರಡು ಪದರ. ಅದರ ದಪ್ಪ ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲು. ವಿದ್ಯುದಂಶವನ್ನು ಹೊತ್ತ ಯಾವ ಅಯಾನೂ ಆ ಎಣ್ಣೆಯ ಗೋಡೆಯನ್ನು ತಾನಾಗಿ ದಾಟಲಾರದು. ತೂಬಿನ ಮೂಲಕವೇ ಹೋಗಬೇಕು. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಕೆಲವು ಪೊಟ್ಯಾಸಿಯಂ ತೂಬುಗಳು ತೆರೆದಿರುತ್ತವೆ. ಒಳಗೆ ಒತ್ತಾಗಿರುವ ಪೊಟ್ಯಾಸಿಯಂ ಹೊರಕ್ಕೆ ಸರಿಯುತ್ತದೆ. ಅದು ಧನವಿದ್ಯುತ್ತುಳ್ಳ ಅಯಾನು. ಹೊರಟುಹೋದಂತೆಲ್ಲ ಒಳಗೆ ಋಣ ಉಳಿಯುತ್ತದೆ. ಆ ಋಣ ಹೋಗುತ್ತಿರುವ ಪೊಟ್ಯಾಸಿಯಮ್ಮನ್ನು ಹಿಂದಕ್ಕೆ ಸೆಳೆಯುತ್ತದೆ. ಹೋಗುವ ಒತ್ತಡವೂ ಹಿಂದೆಳೆಯುವ ಸೆಳೆತವೂ ಹೆಚ್ಚುಕಡಮೆ ಸರಿತೂಗಿದಾಗ ನರದ ಕೋಶದ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಕೆಳಗಿರುತ್ತದೆ. ಕೈದೀಪದ ಒಂದು ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲು ಎಂದು ಇದನ್ನು ಹಗುರವಾಗಿ ಎಣಿಸಬಾರದು. ಪೊರೆ ಅಷ್ಟು ತೆಳುವಾದುದರಿಂದ, ಮೀಟರಿನ ಲೆಕ್ಕದಲ್ಲಿ ಅದು ಒಂದು ಕೋಟಿ ನಲವತ್ತು ಲಕ್ಷ ವೋಲ್ಟಿನ ಬಿಗಿತ. ವಿಶ್ರಾಂತಿಯ ಕೋಶದ ವಿದ್ಯುತ್ತಿಗೆ ಪೊಟ್ಯಾಸಿಯಮ್ಮೇ ಕಾರಣವೆಂದು ಜರ್ಮನಿಯ ಯೂಲಿಯಸ್ ಬರ್ನ್‌ಸ್ಟೈನ್ 1902ರಲ್ಲಿಯೇ ತರ್ಕಿಸಿದ್ದನು.

ನನ್ನ ಕಾಲು ಸೋತದ್ದೇಕೆ ಎಂಬುದು ಈಗ ತಿಳಿಯುತ್ತದೆ. ಹೊರಗಿನ ಪೊಟ್ಯಾಸಿಯಂ 4ರಿಂದ 2.7ಕ್ಕೆ ಇಳಿದಾಗ ಒಳಹೊರಗಿನ ಅಂತರ ಇನ್ನೂ ಹೆಚ್ಚಿತು. ಸ್ನಾಯುಕೋಶಗಳು ಇನ್ನೂ ಆಳದ ಮೌನಕ್ಕೆ ಇಳಿದವು. ನರ ಕರೆದರೂ ಏಳಲಾರದೆ ಹೋದವು. ಹೊರಗಿನ ಪೊಟ್ಯಾಸಿಯಂ ಮಿತಿಮೀರಿ ಏರಿದರೆ ಅದಕ್ಕಿಂತ ಘೋರ. ಹೃದಯದ ಲಯವೇ ಕೆಟ್ಟು ಅದು ನಿಂತುಬಿಡಬಹುದು. ಮೂತ್ರಪಿಂಡದ ಕಾಯಿಲೆಯವರಿಗೆ ವೈದ್ಯರು ಎಳನೀರನ್ನು ಬೇಡವೆನ್ನುವುದು ಇದಕ್ಕಾಗಿಯೇ.

ನರ ಕರೆಯುವುದು ಎಂದೆನಷ್ಟೆ. ಆ ಕರೆಯ ಗುಟ್ಟನ್ನು ಬಿಡಿಸಿದವರು ಕೇಂಬ್ರಿಜ್ಜಿನ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್ ಎಂಬ ಕಡಲ ಜೀವಿಯಲ್ಲಿ ಒಂದು ದೈತ್ಯ ನರತಂತು ಇದೆ; ಅದು ಒಂದು ಮಿಲಿಮೀಟರಿನಷ್ಟು ದಪ್ಪವಿರಬಹುದು. 1939ರ ಬೇಸಗೆಯಲ್ಲಿ ಪ್ಲಿಮತ್ ಎಂಬ ಕಡಲೂರಿನಲ್ಲಿ ಆ ತಂತುವಿನೊಳಕ್ಕೆ ಸಣ್ಣ ವಿದ್ಯುದ್ದಂಡವನ್ನು ಇಳಿಸಿ ಇವರು ಅಳತೆ ಮಾಡಿದರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಕೈಹಚ್ಚಿ, 1952ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಿಶ್ವವಿದ್ಯಾಲಯದ ಗಣಕಯಂತ್ರ ಆ ಸಮಯಕ್ಕೆ ದೊರೆಯಲಿಲ್ಲವಾಗಿ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನಿಟ್ಟುಕೊಂಡು ವಾರಗಟ್ಟಲೆ ಗುಣಾಕಾರ ಮಾಡಿದರು.

ಅವರು ಕಂಡದ್ದು ಇಷ್ಟು. ನರ ಕೆರಳಿದಾಗ ಮೊದಲು ಸೋಡಿಯಂ ತೂಬುಗಳು ತೆರೆಯುತ್ತವೆ. ಸೋಡಿಯಂ ಒಳಕ್ಕೆ ನುಗ್ಗಿ ಒಳಮೈ ಕ್ಷಣಕಾಲ ಧನವಾಗುತ್ತದೆ. ಸ್ವಲ್ಪ ತಡೆದು ಪೊಟ್ಯಾಸಿಯಂ ತೂಬುಗಳು ತೆರೆಯುತ್ತವೆ. ಪೊಟ್ಯಾಸಿಯಂ ಹೊರಕ್ಕೆ ಹರಿದು ಕೋಶವನ್ನು ಮತ್ತೆ ಶಾಂತಿಗೆ ತರುತ್ತದೆ. ಸಾವಿರದಲ್ಲೊಂದು ಸೆಕೆಂಡಿನಷ್ಟರಲ್ಲಿ ಇದೆಲ್ಲ ನಡೆದುಹೋಗುತ್ತದೆ. ಸೋಡಿಯಂ ಕೂಗಿದರೆ, ಪೊಟ್ಯಾಸಿಯಂ ಆ ಕೂಗನ್ನು ನಿಲ್ಲಿಸುತ್ತದೆ. ನಿಲ್ಲದ ಕೂಗು ಮಾತಾಗಲಾರದು. ಪದ್ಯ ಓದುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಸಿರಿಗೆ ನಿಲುಗಡೆ ಇರುವುದರಿಂದಲೇ ಮುಂದಿನ ಸಾಲಿಗೆ ಲಯ ದೊರೆಯುತ್ತದೆ. ಈ ನಿಲುಗಡೆಯೇ ನಮ್ಮ ಪೊಟ್ಯಾಸಿಯಂ ತೂಬಿನ ಧರ್ಮ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಹೃದಯದ ವಿಷಯಕ್ಕೆ ಬಂದಾಗ ಇದೇ ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಹಾಡ್ಜ್‌ಕಿನ್, ಹಕ್ಸ್‌ಲಿಯವರು ತೂಬನ್ನು ಕಣ್ಣಾರೆ ಕಂಡವರಲ್ಲ. ಆದರೆ ಪೊಟ್ಯಾಸಿಯಂ ಹಾದಿ ತೆರೆಯಬೇಕಾದರೆ ನಾಲ್ಕು ಕಣಗಳು ಒಟ್ಟಿಗೆ ಸ್ಥಾನ ಬದಲಿಸಬೇಕು ಎಂದಿಟ್ಟುಕೊಂಡರೆ ಲೆಕ್ಕ ಕೂಡುತ್ತದೆ ಎಂದು ಬರೆದಿದ್ದರು. ಆ ನಾಲ್ಕು ಎಂಬ ಸಂಖ್ಯೆಯನ್ನೂ ಜ್ಞಾಪಕದಲ್ಲಿಡಿ.

ಇಲ್ಲಿ ಒಂದು ಒಗಟು ಉಳಿಯಿತು. ಸೋಡಿಯಂ ಅಯಾನು ಪೊಟ್ಯಾಸಿಯಂ ಅಯಾನಿಗಿಂತ ಚಿಕ್ಕದು. ಜರಡಿಯಲ್ಲಿ ದಪ್ಪ ಕಾಳು ಇಳಿಯುವುದಾದರೆ ಸಣ್ಣ ಕಾಳು ಸುಲಭವಾಗಿ ಇಳಿಯಬೇಕು. ಈ ತೂಬಿನಲ್ಲಿ ಆಗುವುದು ಬೇರೆ. ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಸೋಡಿಯಂ ಒಂದು ದಾಟುವುದೂ ಕಷ್ಟ. ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ನಡೆಯುವಲ್ಲಿ ದಟ್ಟಣೆಯಾದರೂ ಆಗಬೇಕಷ್ಟೆ? ಅದೂ ಇಲ್ಲ. ಒಂದೇ ತೂಬಿನಲ್ಲಿ ಸೆಕೆಂಡಿಗೆ ಹತ್ತು ಕೋಟಿಯ ಹತ್ತಿರದ ವೇಗದಲ್ಲಿ ಪೊಟ್ಯಾಸಿಯಂ ಹರಿಯಬಲ್ಲುದು. ಬಿಗಿಯೂ ಹೌದು, ಬಿರುಸೂ ಹೌದು. ಇದು ಹೇಗೆ?

ಉತ್ತರ ದೊರೆತದ್ದು 1998ರಲ್ಲಿ, ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದಲ್ಲಿ. ರಾಡರಿಕ್ ಮ್ಯಾಕಿನನ್ ಎಂಬವರು ವೈದ್ಯರಾಗಿ ತರಬೇತಾದವರು. ರೋಗಿಗಳ ಸೇವೆಯನ್ನು ಬಿಟ್ಟು ಈ ತೂಬಿನ ಬೆನ್ನು ಹತ್ತಿದರು. ಪೊರೆಯಲ್ಲಿ ಹುದುಗಿರುವ ಪ್ರೋಟೀನನ್ನು ಹರಳುಗಟ್ಟಿಸುವುದು ಬಲು ಕಷ್ಟದ ಕೆಲಸ. ಅವರು ಮಣ್ಣಿನಲ್ಲಿ ವಾಸಿಸುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಒಂದು ಸೂಕ್ಷ್ಮಜೀವಿಯ ಪೊಟ್ಯಾಸಿಯಂ ತೂಬನ್ನು ಆರಿಸಿಕೊಂಡು, ಹರಳುಗಟ್ಟಿಸಿ, ಕ್ಷಕಿರಣಗಳಿಂದ ಅದರ ಆಕೃತಿಯನ್ನು ಬಿಡಿಸಿದರು. ನಾಲ್ಕು ಒಂದೇ ಬಗೆಯ ಪ್ರೋಟೀನುಗಳು ಕೈಕೈ ಹಿಡಿದು ಸುತ್ತುವರಿದು ನಿಂತಿದ್ದವು, ನಡುವೆ ಹಾದಿ. ನಾಲ್ಕು! ನಲವತ್ತಾರು ವರ್ಷಗಳ ಹಿಂದೆ ಬೊಂಡಾಸಿನ ನರದ ಲೆಕ್ಕ ಕೇಳಿದ್ದೂ ಅದೇ ಸಂಖ್ಯೆಯನ್ನು.

ಹಾದಿಯ ಒಂದು ಭಾಗ ಬಹಳ ಇಕ್ಕಟ್ಟು. ಅಲ್ಲಿ ಗೋಡೆಯಿಂದ ಆಮ್ಲಜನಕದ ಪರಮಾಣುಗಳು ಒಳಮುಖವಾಗಿ ಚಾಚಿಕೊಂಡಿವೆ. ನೀರಿನಲ್ಲಿರುವ ಅಯಾನು ಎಂದೂ ಒಂಟಿಯಲ್ಲ. ನೀರಿನ ಕಣಗಳು ಅದನ್ನು ಸುತ್ತುವರಿದು ಹಿಡಿದುಕೊಂಡಿರುತ್ತವೆ. ಇಕ್ಕಟ್ಟಿನೊಳಗೆ ಹೋಗಬೇಕಾದರೆ ಆ ನಂಟರನ್ನೆಲ್ಲ ಹೊರಗೆ ಬಿಡಬೇಕು. ಪೊಟ್ಯಾಸಿಯಂ ಹಾಗೆ ಬಿಟ್ಟು ಬಂದಾಗ ಒಳಗಡೆ ಎಂಟು ಆಮ್ಲಜನಕಗಳು, ಹೊರಗೆ ನೀರಿನ ಆಮ್ಲಜನಕಗಳು ಇದ್ದಷ್ಟೇ ದೂರದಲ್ಲಿ, ಅದನ್ನು ಆದರಿಸುತ್ತವೆ. ತವರಿನ ಅಕ್ಕರೆಯೇ ಹೊಸಮನೆಯಲ್ಲಿಯೂ ದೊರೆತಂತೆ! ಅದಕ್ಕೆ ನಷ್ಟವೇನೂ ಇಲ್ಲವಾದುದರಿಂದ ಸರಾಗವಾಗಿ ಮುಂದುವರಿಯುತ್ತದೆ. ಸೋಡಿಯಂ ಚಿಕ್ಕದು, ಆ ಎಂಟು ಕೈಗಳು ಅದನ್ನು ಸರಿಯಾಗಿ ಮುಟ್ಟಲಾರವು. ನೀರನ್ನು ಬಿಟ್ಟು ಬಂದರೆ ಅದಕ್ಕೆ ನಷ್ಟ. ಆದ್ದರಿಂದ ಹೊರಗೇ ಉಳಿಯುತ್ತದೆ. ಪೊಟ್ಯಾಸಿಯಂ ಅಯಾನುಗಳೋ ಒಂದರ ಹಿಂದೆ ಒಂದು ಸಾಲಾಗಿ ನಿಂತು, ಸಮಾನ ವಿದ್ಯುತ್ತಿನ ವಿಕರ್ಷಣೆಯಿಂದ ಪರಸ್ಪರ ಮುಂದೂಡುತ್ತ ಸಾಗುತ್ತವೆ. ಬಿಗಿಯೂ ಬಿರುಸೂ ಒಟ್ಟಿಗಿರುವ ಗುಟ್ಟು ಇದೇ. ಈ ಸಾಧನೆಗಾಗಿ ಮ್ಯಾಕಿನನ್ ಅವರಿಗೆ 2003ರಲ್ಲಿ ನೊಬೆಲ್ ಗೌರವ ದೊರೆಯಿತು. ಮಣ್ಣಿನ ಆ ಅಲ್ಪಜೀವಿಯಲ್ಲಿರುವ ಇಕ್ಕಟ್ಟಿನ ರಚನೆಯೇ ಮನುಷ್ಯನ ನರಕ್ಕೂ ಹೃದಯಕ್ಕೂ ಬಂದಿದೆ ಎಂಬುದು ಯೋಚಿಸತಕ್ಕ ವಿಷಯ.

ಇನ್ನು ಬಾಗಿಲು ತೆರೆಯುವ ನೀರುಗಂಟಿ ಯಾರು? ಎಲ್ಲ ತೂಬುಗಳಿಗೂ ಒಬ್ಬನೇ ಅಲ್ಲ. ನರದ ತೂಬುಗಳಲ್ಲಿ ಧನವಿದ್ಯುತ್ತುಳ್ಳ ಒಂದು ತೋಳು ಇದೆ. ಪೊರೆಯ ವಿದ್ಯುತ್ತು ಬದಲಾದೊಡನೆ ಅದು ಸರಿದು ಬಾಗಿಲನ್ನು ತೆರೆಯುತ್ತದೆ. ಬೇರೆ ಕೆಲವನ್ನು ಕ್ಯಾಲ್ಸಿಯಂ ತೆರೆಯುತ್ತದೆ. ಮತ್ತೆ ಕೆಲವನ್ನು ಆಹಾರದಿಂದ ಹುಟ್ಟಿದ ಶಕ್ತಿಯ ಕಣ ಮುಚ್ಚುತ್ತದೆ. ಈಥರ್ ವಾಸನೆ ಕೊಟ್ಟಾಗ ಕಾಲು ನಡುಗಿಸುತ್ತಿದ್ದ ಒಂದು ಬಗೆಯ ಹಣ್ಣಿನ ನೊಣದಲ್ಲಿ 1987ರಲ್ಲಿ ಇಂತಹ ತೂಬಿನ ಜೀನು ಮೊದಲು ಕೈಗೆ ಸಿಕ್ಕಿತು. ಮನುಷ್ಯನಲ್ಲಿ ಇಂಥ ಜೀನುಗಳು ಸುಮಾರು 80 ಇವೆ.

ನೊಣದಿಂದ ನಮ್ಮ ಮನೆಗೆ ಬರೋಣ. ಸಕ್ಕರೆ ಕಾಯಿಲೆಗಾಗಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನು ಸೇವಿಸುವವರು ಈ ಭಾಷಣವನ್ನು ಕೇಳುತ್ತಿರಬಹುದು. ಮೇದೋಜೀರಕ ಗ್ರಂಥಿಯ ಕೋಶದಲ್ಲಿ ಒಂದು ಪೊಟ್ಯಾಸಿಯಂ ತೂಬು ಉಪವಾಸದ ಹೊತ್ತಿನಲ್ಲಿ ತೆರೆದಿರುತ್ತದೆ, ಕೋಶ ಶಾಂತವಾಗಿರುತ್ತದೆ. ಊಟವಾದ ಮೇಲೆ ಸಕ್ಕರೆ ಒಳಬಂದು, ಉರಿದು, ಶಕ್ತಿಯ ಕಣಗಳು ಹೆಚ್ಚಿದಾಗ ತೂಬು ಮುಚ್ಚುತ್ತದೆ. ಆಗ ಪೊರೆಯ ವಿದ್ಯುತ್ತು ಬದಲಾಗಿ, ಕ್ಯಾಲ್ಸಿಯಂ ಒಳಬಂದು, ಇನ್ಸುಲಿನ್ ಹೊರಬೀಳುತ್ತದೆ. ಈ ಮಾತ್ರೆಗಳು ಮಾಡುವುದು ಆ ತೂಬನ್ನು ನೇರವಾಗಿ ಮುಚ್ಚುವ ಕೆಲಸ. ಕೆಲವು ಶಿಶುಗಳಲ್ಲಿ ಜೀನಿನ ದೋಷದಿಂದ ಈ ತೂಬು ಮುಚ್ಚದೆ ಉಳಿದು, ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಬರುತ್ತದೆಂದು 2004ರಲ್ಲಿ ತಿಳಿದುಬಂತು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂತಹ 49 ರೋಗಿಗಳಿಗೆ ಇದೇ ಜಾತಿಯ ಮಾತ್ರೆಯನ್ನು ಕೊಟ್ಟರು. ಅವರಲ್ಲಿ 44 ಮಂದಿ ಇನ್ಸುಲಿನ್ ಸೂಜಿಯನ್ನು ಬಿಡುವಂತಾಯಿತು. ತೂಬಿನ ತಿಳಿವಳಿಕೆ ಮಗುವಿನ ಮೈಮೇಲಿನ ಸೂಜಿಯ ಗಾಯವನ್ನು ತಪ್ಪಿಸಿತು.

ಈಗ ಹೃದಯದ ವಿಷಯ. ನರದ ಕೂಗು ಸಾವಿರದಲ್ಲೊಂದು ಸೆಕೆಂಡಿನದಾದರೆ, ಹೃದಯದ ಕೋಶದ್ದು ಅದರ ಸುಮಾರು ಮುನ್ನೂರರಷ್ಟು ದೀರ್ಘ. ಅದನ್ನು ನಿಲ್ಲಿಸಿ, ಹೃದಯವನ್ನು ಮುಂದಿನ ಬಡಿತಕ್ಕೆ ಅಣಿಗೊಳಿಸುವವು ಪೊಟ್ಯಾಸಿಯಂ ತೂಬುಗಳು. ಇ.ಸಿ.ಜಿ. ಚೀಟಿಯಲ್ಲಿ ಕ್ಯೂ ಎಂಬಲ್ಲಿಂದ ಟಿ ಎಂಬ ಅಲೆಯ ಕೊನೆಯವರೆಗಿನ ಅವಧಿ ಇದನ್ನು ತೋರಿಸುತ್ತದೆ. ತೂಬುಗಳು ಸರಿಯಾಗಿ ತೆರೆಯದಿದ್ದರೆ ಆ ಅವಧಿ ಹಿಗ್ಗುತ್ತದೆ. ಹಿಗ್ಗಿದ ಸಂದಿಯಲ್ಲಿ ಅಕಾಲದ ಒಂದು ಬಡಿತ ಬಂದು ಬಿದ್ದರೆ ಲಯವೆಲ್ಲ ಕದಡಿ, ರಕ್ತ ಮೆದುಳಿಗೆ ಹೋಗದೆ, ಮನುಷ್ಯ ಎಚ್ಚರತಪ್ಪಿ ಬೀಳುತ್ತಾನೆ. ಕೆಲವೊಮ್ಮೆ ಮತ್ತೆ ಏಳುವುದಿಲ್ಲ. ಔಷಧಗಳಿಂದಲೂ ಹೀಗಾಗುವುದುಂಟು. ಟರ್ಫೆನಡೀನ್ ಎಂಬ ಅಲರ್ಜಿಯ ಮಾತ್ರೆ ಹೃದಯದ ಒಂದು ಪೊಟ್ಯಾಸಿಯಂ ತೂಬನ್ನು ಕಟ್ಟಿಬಿಡುತ್ತಿತ್ತು. ಅಮೆರಿಕದಲ್ಲಿ ಅದನ್ನು 1998ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದರು. ಇಂದು ಹೊಸ ಔಷಧಗಳನ್ನು ಮನುಷ್ಯರಿಗೆ ಕೊಡುವ ಮೊದಲು ಆ ತೂಬಿನ ಮೇಲೆ ಪರೀಕ್ಷಿಸುತ್ತಾರೆ.

1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ ನೀಲ್ಸನ್ ಎಂಬ ವೈದ್ಯರು ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಆರು ಮಕ್ಕಳು, ಅವರಲ್ಲಿ ನಾಲ್ವರು ಹುಟ್ಟಾ ಕಿವುಡರು. ಆ ನಾಲ್ವರಿಗೂ ಆಗಾಗ ಎಚ್ಚರತಪ್ಪುತ್ತಿತ್ತು, ಇ.ಸಿ.ಜಿ.ಯಲ್ಲಿ ಕ್ಯೂ-ಟಿ ಅವಧಿ ಹಿಗ್ಗಿತ್ತು. ಮೂವರು ನಾಲ್ಕು, ಐದು, ಒಂಬತ್ತು ವರ್ಷಗಳ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಕಿವಿಗೂ ಹೃದಯಕ್ಕೂ ಏನು ನಂಟು?

ನಂಟು ತೂಬಿನದು ಎಂಬುದು ಜೀನಿನ ಪರೀಕ್ಷೆಯಿಂದ 1997ರಲ್ಲಿ ಖಚಿತವಾಯಿತು. ಒಳಗಿವಿಯಲ್ಲಿ ಒಂದು ವಿಶೇಷ ದ್ರವವಿದೆ. ಕೋಶದ ಹೊರಗಿನ ದ್ರವವಾದರೂ ಅದರಲ್ಲಿ ಪೊಟ್ಯಾಸಿಯಂ ತುಂಬಿ ತುಳುಕುತ್ತಿರುತ್ತದೆ. ಶಬ್ದ ಬಂದು ಅಲ್ಲಿನ ರೋಮಕೋಶಗಳ ರೋಮಗಳನ್ನು ಬಾಗಿಸಿದಾಗ ಪೊಟ್ಯಾಸಿಯಂ ಅವುಗಳೊಳಕ್ಕೆ ನುಗ್ಗುತ್ತದೆ. ಅದೇ ನಮಗೆ ಕೇಳಿಸುವುದರ ಮೊದಲ ಹೆಜ್ಜೆ. ಆ ದ್ರವಕ್ಕೆ ಪೊಟ್ಯಾಸಿಯಮ್ಮನ್ನು ಸುರಿಸುವ ತೂಬೂ, ಹೃದಯದ ಬಡಿತವನ್ನು ನಿಲ್ಲಿಸುವ ತೂಬುಗಳಲ್ಲೊಂದೂ ಒಂದೇ. ತಾಯಿಯಿಂದ ಬಂದ ಜೀನೂ ತಂದೆಯಿಂದ ಬಂದ ಜೀನೂ ಎರಡೂ ಕೆಟ್ಟಿದ್ದ ಮಗುವಿಗೆ ಒಳಗಿವಿಯ ಕೆರೆ ತುಂಬುವುದಿಲ್ಲ. ಹೃದಯಕ್ಕೆ ಸಕಾಲದ ನಿಲುಗಡೆ ಇಲ್ಲ.

ಎರಡು ಕೆಟ್ಟ ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವುದು ಅಪರೂಪ. ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರೆ ಅದರ ಸಂಭವ ಹೆಚ್ಚು. ಇಬ್ಬರೂ ಒಂದೊಂದು ಕೆಟ್ಟ ಪ್ರತಿಯನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಂದದ್ದು. ಯಾರನ್ನೂ ದೂರಲು ಈ ಮಾತನ್ನು ಹೇಳುತ್ತಿಲ್ಲ. ಹುಟ್ಟುಕಿವುಡಿಗೆ ಬೇರೆ ಕಾರಣಗಳೇ ಹೆಚ್ಚು. ಈ ರೋಗ ಅಂತಹ ಮಕ್ಕಳಲ್ಲಿ ನೂರಕ್ಕೆ ಒಬ್ಬರನ್ನೂ ಮೀರದು. ಆದರೆ ಆ ಒಂದು ಮಗು ಆಟವಾಡುತ್ತ ಓಡುವಾಗಲೋ, ಬೆಚ್ಚಿದಾಗಲೋ, ಈಜುವಾಗಲೋ ಎಚ್ಚರತಪ್ಪಿ ಬಿದ್ದರೆ ನಾವು ಮಾಡುವುದೇನು? ಅಪಸ್ಮಾರವೆನ್ನುತ್ತೇವೆ, ಗಾಳಿ ಸೋಕಿತೆನ್ನುತ್ತೇವೆ, ಯಂತ್ರ ಕಟ್ಟಿಸುತ್ತೇವೆ. ಮಗುವಿನ ಎದೆಯ ಮೇಲೆ ಇ.ಸಿ.ಜಿ.ಯ ತಂತಿಗಳನ್ನಿಟ್ಟು ನೋಡುವ ಯೋಚನೆ ಎಷ್ಟೋ ಸಲ ಯಾರಿಗೂ ಬರುವುದಿಲ್ಲ.

ಆ ಪರೀಕ್ಷೆಗೆ ಕೆಲವು ನಿಮಿಷ ಸಾಕು; ನೋವಿಲ್ಲ, ವೆಚ್ಚವೂ ಅಲ್ಪ. ರೋಗ ಗೊತ್ತಾದರೆ ಉಪಾಯಗಳುಂಟು. ಹೃದಯದ ಉದ್ರೇಕವನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳಿವೆ. ಅಗತ್ಯವಾದರೆ ಲಯ ಕೆಟ್ಟಾಗ ಅದನ್ನು ಸರಿಪಡಿಸುವ ಉಪಕರಣವನ್ನು ಎದೆಯಲ್ಲಿ ಅಳವಡಿಸುತ್ತಾರೆ. ಕೊಡಬಾರದ ಔಷಧಗಳು ಯಾವುವೆಂಬುದನ್ನು ಮೊದಲೇ ಅರಿಯಬಹುದು. ಗೊತ್ತಾಗದಿದ್ದರೆ ಉಳಿಯುವುದು ನಾರ್ವೆಯ ಆ ತಾಯಿಯ ದುಃಖ.

ಆದುದರಿಂದ ಶ್ರೋತೃಗಳಲ್ಲಿ ನನ್ನದೊಂದು ಬಿನ್ನಹ. ಈ ಭಾಷಣದಲ್ಲಿ ಬಂದ ಹೆಸರುಗಳನ್ನೂ ಇಸವಿಗಳನ್ನೂ ನೀವು ಮರೆತರೆ ಚಿಂತೆಯಿಲ್ಲ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ನೀವು ಪಾಠ ಹೇಳುವ ಶಾಲೆಯಲ್ಲಿ ಹುಟ್ಟಿನಿಂದ ಕಿವಿ ಕೇಳದ ಮಗುವಿದ್ದರೆ, ಅದರ ಕಿವಿಯ ಪರೀಕ್ಷೆಯ ಜೊತೆಗೆ ಒಮ್ಮೆ ಹೃದಯದ ಪರೀಕ್ಷೆಯನ್ನೂ ಮಾಡಿಸಲು ಹೇಳಿ. ಆ ಮಗು ಎಂದಾದರೂ ಎಚ್ಚರತಪ್ಪಿ ಬಿದ್ದಿದ್ದರೆ ನಾಳೆಗೆ ಮುಂದೂಡಬೇಡಿ. ಕೆರೆಯ ತೂಬು ಕೆಟ್ಟರೆ ಊರಿಗೆ ಊರೇ ಓಡಿಬರುತ್ತದೆ. ಕಿವಿ ಕೇಳದ, ಬಾಯಿ ಬಿಟ್ಟು ಹೇಳಲಾರದ ಆ ಮಗುವಿನ ಎದೆಯ ತೂಬಿಗೆ ನೀರುಗಂಟಿಯಾಗಬೇಕಾದವರು ನಾವೇ.